ತಟ್ಟೆ ಹಿಡಿದುಕೊಳ್ಳುವುದು

"ಎಷ್ಟು ಜಾಣ ಮಗು! ಬಸ್ಸು ಹತ್ತಿದಾಗಿನಿಂದ ಒಂದು ಸಲಾನೂ ಅಳಲಿಲ್ಲ ನೋಡಿ" ಎಂದು ಎದುರು ಸೀಟಿನ ಹೆಂಗಸು ಬಾಯಿ ತುಂಬ ಹೊಗಳಿದಾಗ ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಜಾಣತನವಂತೆ! ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಮ್ಮ ಮಹಾತಾಯಿ, ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಾಳೆ, ನಾನು ನರ್ಸು ಎನ್ನಬೇಕಾಗುತ್ತದೆ, ನರ್ಸು ಜೊತೆಗಿದ್ದೂ ಮಗು ಯಾಕೆ ಹೀಗಿದೆ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಪಕ್ಕದಲ್ಲಿದ್ದ ಆಯಾ ಮಾತ್ರ ಹಲ್ಲು ಬಿಟ್ಟು, "ಹೂಂ, ನಮ್ಮ ಮಗು ಬಲು ಸಮಾಧಾನ" ಎಂದಳು. ಅವಳ ಮಡಿಲಲ್ಲಿ ಒಂದೂವರೆ ವರ್ಷದ ಮೊಮ್ಮಗಳು ಮುದುಕಿಯ ಮುಖ ಹೊತ್ತು, ಕಿಟಕಿಯಾಚೆ ಓಡುವ ಅಂಗಡಿಗಳನ್ನು ನೋಡುತ್ತ, ಅಥವಾ ನೋಡದೆ, ಸುಮ್ಮನೆ ಕಣ್ಣು ತೆರೆದುಕೊಂಡು ಮಲಗಿತ್ತು. ಹದಿಮೂರು ವರ್ಷದಿಂದ ಆರೋಗ್ಯ ಕೇಂದ್ರದ ನೆಲ ಒರೆಸುತ್ತಿರುವ ಈ ಹೆಂಗಸು ತನಗಾಗಿ ಎಂದೂ ಏನನ್ನೂ ಕೇಳಿದವಳಲ್ಲ. ನಿನ್ನೆ ಮಧ್ಯಾಹ್ನ ಬಕೆಟ್ಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು, "ಅಮ್ಮಾ, ನಾಳೆ ದೊಡ್ಡಾಸ್ಪತ್ರೆಗೆ ಬರ್ತೀರಾ? ಮಗು ಹಾಲು ಕೊಟ್ರೂ ಮುಖ ತಿರುಗಿಸುತ್ತೆ. ಕೂತ್ಕೊಳ್ಳೋದನ್ನೂ ಬಿಟ್ಟುಬಿಟ್ಟಿದೆ. ಅವಳಮ್ಮನಿಗೆ ಫ್ಯಾಕ್ಟ್ರೀಲಿ ರಜಾ ಕೊಡಲ್ಲ, ನಾನೊಬ್ಳೇ ಹೋದ್ರೆ ಬಾಗಿಲಲ್ಲೇ ಸಾಗಹಾಕ್ತಾರೆ. ನೀವಿದ್ರೆ ಮಂಚ ಸಿಗುತ್ತೆ" ಎಂದಳು. ನರ್ಸಮ್ಮ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಳು. ಆಯಾಳ ಕಣ್ಣಲ್ಲಿ ನೀರು ಬಂತು. ಎಂಥ ದೊಡ್ಡ ಮನಸ್ಸಮ್ಮಾ ನಿಮ್ಮದು, ಎಂದಳು. ದೊಡ್ಡ ಮನಸ್ಸೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಮಗುವಿನ ತೂಕದ ಕಾರ್ಡು ತನ್ನ ಕಣ್ಣಳತೆ ದಾಟಿ ದೊಡ್ಡಾಸ್ಪತ್ರೆಗೆ ಹೋಗುವುದು ನರ್ಸಮ್ಮನಿಗೆ ಬೇಕಿರಲಿಲ್ಲ. ಅಷ್ಟೇ. "ಕಾರ್ಡು ನನ್ನ ಹತ್ರ ಕೊಡು, ನೀನು ಎಲ್ಲಾದ್ರೂ ಬೀಳಿಸ್ತೀಯ" ಎಂದು ಬಸ್‌ಸ್ಟ್ಯಾಂಡಿನಲ್ಲೇ ಇಸಿದುಕೊಂಡು ಕೈಚೀಲದೊಳಗೆ ಹಾಕಿಕೊಂಡಿದ್ದಳು.

ಆ ಚೀಲ ಇಲಾಖೆಯ ತರಬೇತಿಯೊಂದರಲ್ಲಿ ಕೊಟ್ಟದ್ದು. ಮೂರು ದಿನ ಫ್ಯಾನಿನ ಕೆಳಗೆ ಕೂರಿಸಿ ಮಕ್ಕಳ ಹಕ್ಕು ಎಂದರೇನು ಎಂದು ಗೋಡೆಯ ಮೇಲೆ ಚಿತ್ರ ತೋರಿಸಿ ತೋರಿಸಿ, ಕೊನೆಗೆ ಎಲ್ಲರಿಗೂ ಒಂದೊಂದು ಚೀಲ ಹಂಚಿ ಕಳಿಸಿದ್ದರು. 'ಆರೋಗ್ಯ ಪ್ರತಿ ಮಗುವಿನ ಹಕ್ಕು' ಎಂದು ನೀಲಿ ಅಕ್ಷರದಲ್ಲಿ ಅಚ್ಚು ಹಾಕಿದ್ದು ತಿಕ್ಕಿ ತಿಕ್ಕಿ ಈಗ ಅರ್ಧ ಅಳಿಸಿದೆ. ದೂರದಿಂದ ನೋಡಿದರೆ ಯಾವುದೋ ಬಟ್ಟೆ ಅಂಗಡಿಯ ಚೀಲದಂತೆ ಕಾಣುತ್ತದೆ. ಅದರೊಳಗೆ ಕಾರ್ಡು. ಕಾರ್ಡಿನಲ್ಲಿ ಮೂರು ಪಟ್ಟಿ, ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ತಿಂಗಳಿಗೊಂದು ಚುಕ್ಕೆ. ಈ ಮಗುವಿನ ಚುಕ್ಕೆಗಳು ಹುಟ್ಟಿದ ಮೂರನೇ ತಿಂಗಳಿಂದ ಹಳದಿಯಲ್ಲೇ ಇವೆ, ಕೆಂಪು ಗೆರೆಗೆ ಒಂದು ನೂಲಿನಷ್ಟು ಮೇಲೆ, ಕಾಂಪೌಂಡಿನ ಅಂಚಿನ ಮೇಲೆ ನಡೆಯುವ ಬೆಕ್ಕಿನ ಹಾಗೆ, ಒಂದು ಸಲವೂ ಕಾಲು ಜಾರದೆ. ಹಸಿರು ಬರೆದರೆ ನಂಬುವವರಿಲ್ಲ. ಕೆಂಪು ಬರೆದರೆ ಮೂರು ಫಾರಂ ತುಂಬಬೇಕು, ವಿವರಣೆ ಕೊಡಬೇಕು, ಬಾರದ ಗಾಡಿಗೆ ಫೋನು ಮಾಡಬೇಕು, ಗಾಡಿ ಬಂದರೂ ಮಂಚ ಖಾಲಿಯಿಲ್ಲ ಎಂದು ಹಿಂದೆ ಕಳಿಸಿದ ಮಗುವನ್ನು ಮತ್ತೆ ತಾನೇ ನೋಡಬೇಕು. ಹಳದಿ ಯಾರೂ ಏನೂ ಕೇಳದ ಬಣ್ಣ. ಇಡೀ ಆರೋಗ್ಯ ಇಲಾಖೆ ಹಳದಿಯ ಮೇಲೆ ಚಾಪೆ ಹಾಸಿ ಮಲಗಿದೆ, ತಾನೊಬ್ಬಳು ಎದ್ದು ಕೂತು ಯಾವ ಸೀಮೆಯ ಉದ್ಧಾರ ಮಾಡಬೇಕಿತ್ತು ಎಂದು ನರ್ಸಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ತನ್ನೊಳಗೇ ಜಗಳ ತೆಗೆದಳು.

ಎದ್ದು ಕೂತ ಕಾಲವೂ ಒಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು. ಹನ್ನೊಂದು ಮಕ್ಕಳು ಕೆಂಪು. ತಿಂಗಳ ಸಭೆಗೆ ಮೇಲ್ವಿಚಾರಕ ಬಂದ. ಯಾವ ಕಾಗದ ಕೊಟ್ಟರೂ ಅದರ ಅಂಚಿನಲ್ಲಿ ಒಂದು ಷರಾ ಗೀಚದೆ ಬಿಡದ ಅವನಿಗೆ ಎಲ್ಲರೂ ಹಿಂದಿನಿಂದ ಷರಾ ಸಾಹೇಬ ಎನ್ನುತ್ತಿದ್ದರು. ನಲವತ್ತು ನರ್ಸುಗಳ ಎದುರು ಅವಳೊಬ್ಬಳನ್ನು ನಿಲ್ಲಿಸಿದ. "ಏನ್ರೀ, ಪಕ್ಕದ ಕೇಂದ್ರದಲ್ಲಿ ಒಂದೂ ಕೆಂಪಿಲ್ಲ, ನಿಮ್ಮಲ್ಲಿ ಹನ್ನೊಂದು. ಇದೇನು ನಿಮ್ಮ ಕಾಲ್ಗುಣಾನಾ? ಇಲ್ಲ ಮಕ್ಕಳಿಗೆ ಬಂದ ಪೌಷ್ಟಿಕ ಪುಡೀನ ನೀವೇ ಕಲಸ್ಕೊಂಡು ತಿಂತೀರಾ?" ಎಂದು ಅವಳ ಮೈಯನ್ನು ಮೇಲಿಂದ ಕೆಳಗೆ ನೋಡಿದ. ಆಗ ಅವಳು ಸ್ವಲ್ಪ ದಪ್ಪಗಿದ್ದಳು. ಇಡೀ ಸಭೆ ಘೊಳ್ಳೆಂದು ನಕ್ಕಿತು. ಇಪ್ಪತ್ತೇಳು ವರ್ಷವಾದರೂ ಆ ನಗು ಕಿವಿಯಿಂದ ಹೋಗಿಲ್ಲ. ಬಚ್ಚಲಲ್ಲಿ ನೀರು ಸುರಿದುಕೊಳ್ಳುವಾಗ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಕೇಳುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಹಿರಿಯ ನರ್ಸೊಬ್ಬಳು ಹೆಗಲ ಮೇಲೆ ಕೈ ಹಾಕಿ, "ಅಯ್ಯೋ ಹುಚ್ಚೀ, ಕೆಂಪು ಬರೆದ್ರೆ ಮಗು ದಪ್ಪ ಆಗುತ್ತೇನೇ? ಮಗು ಒದ್ದಾಡುತ್ತೆ, ತಟ್ಟೆ ಅಲ್ಲಾಡುತ್ತೆ. ಬೀಳದ ಹಾಗೆ ತಟ್ಟೆ ಹಿಡ್ಕೋಬೇಕು ಕಣೇ. ಹಿಡ್ಕೊಳ್ಳೋದು ತಪ್ಪಾ?" ಎಂದಳು. ಎಂಥ ನಯವಾದ ಮಾತು! ಮೋಸ ಎನ್ನಲಿಲ್ಲ, ಸುಳ್ಳು ಎನ್ನಲಿಲ್ಲ. ತೂಕದ ಯಂತ್ರದ ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳನ್ನು ಇಷ್ಟೇ ಇಷ್ಟು ಒತ್ತುವುದಕ್ಕೆ ಆ ಸುತ್ತಿನ ಅಷ್ಟೂ ಕೇಂದ್ರಗಳಲ್ಲಿ ಹಿಡಿದುಕೊಳ್ಳುವುದು ಎಂದೇ ಹೆಸರು. ಹೊಸದಾಗಿ ಬಂದ ಹುಡುಗಿಯರಿಗೆ ಆಮೇಲೆ ಅವಳೇ ಅದನ್ನು ಹೇಳಿಕೊಟ್ಟಿದ್ದಾಳೆ. ಚೆನ್ನಾಗಿ ಹೇಳಿಕೊಡುತ್ತಾಳೆಂದು ಹೆಸರೂ ಬಂದಿದೆ.

ಆ ಬೆರಳಿನ ಪುಣ್ಯದಿಂದ ಬಂದದ್ದು ಗೋಡೆಯ ಮೇಲಿನ ಗಾಜಿನ ಚೌಕಟ್ಟು. 'ಸತತ ಹತ್ತು ವರ್ಷ ಒಂದೂ ಕೆಂಪು ಮಗುವಿಲ್ಲದ ಕೇಂದ್ರ'. ಕೊಡುವಾಗ ಅದೇ ಷರಾ ಸಾಹೇಬ ಚಪ್ಪಾಳೆ ತಟ್ಟಿದ್ದ. ಪ್ರತಿದಿನ ಬೆಳಿಗ್ಗೆ ಸ್ಟೂಲು ಹತ್ತಿ ಅದರ ಧೂಳು ಒರೆಸುವವಳು ಆಯಾ. ಅದರಲ್ಲಿ ಏನು ಬರೆದಿದೆ ಎಂದು ಅವಳು ಕೇಳಿಲ್ಲ, ನರ್ಸಮ್ಮ ಹೇಳಿಲ್ಲ. ಅಕ್ಷರ ಬಾರದವರಿಗೆ ಕಣ್ಣೂ ಇರುವುದಿಲ್ಲವೆಂದು ಯಾರು ಹೇಳಿಕೊಟ್ಟರೋ! ತೂಕದ ದಿನ ಮಕ್ಕಳ ಬಟ್ಟೆ ಬಿಚ್ಚಿ ಎತ್ತಿ ಕೊಡುವವಳೂ ಆಯಾಳೇ ಅಲ್ಲವೇ? ಮೊಳದಷ್ಟು ದೂರದಲ್ಲಿ ನಿಂತು, ಹದಿಮೂರು ವರ್ಷ. ಅವಳ ಮೊಮ್ಮಗಳು ಬಂದಾಗಲೂ ಹಾಗೆಯೇ. ಎರಡು ತಿಂಗಳ ಹಿಂದೆ ಮಗುವನ್ನು ತಟ್ಟೆಯಿಂದ ಎತ್ತಿಕೊಂಡು, "ಅಮ್ಮಾ, ಹೋದ ತಿಂಗಳಿಗಿಂತ ಹಗುರ ಆಗಿದಾಳೆ ಅನ್ಸುತ್ತೆ. ಸೊಂಟದ ಮೇಲೆ ಕೂರಿಸ್ಕೊಂಡ್ರೆ ಗೊತ್ತಾಗುತ್ತೆ ನಂಗೆ" ಎಂದಿದ್ದಳು. ನರ್ಸಮ್ಮ ತಲೆಯೆತ್ತದೆ ಚುಕ್ಕೆ ಇಡುತ್ತ, "ಮಷೀನಿಗಿಂತ ನಿನ್ನ ಸೊಂಟಕ್ಕೇ ಜಾಸ್ತಿ ಬುದ್ಧಿಯೋ?" ಎಂದಳು. ಸಾಲಿನಲ್ಲಿದ್ದ ತಾಯಂದಿರು ನಕ್ಕರು. ಆಯಾಳೂ ನಕ್ಕಳು, ಸೊಂಟದ ಮೇಲಿನ ಮಗುವನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡಳು. ಈಗ ಬಸ್ಸಿನ ಕುಲುಕಿಗೆ ಮಗುವಿನ ಕಾಲು ನರ್ಸಮ್ಮನ ತೊಡೆಗೆ ತಗುಲಿತು. ಕಾಲಿಗೆ ಭಾರವೇ ಇರಲಿಲ್ಲ. ಅವಳು ಚೀಲವನ್ನು ನಡುವೆ ಇಟ್ಟುಕೊಂಡಳು.

ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದ ಹೊರಗೋಡೆಯ ಮೇಲೆ ಆಳೆತ್ತರದ ಒಂದು ಮಗುವಿನ ಚಿತ್ರ ಬರೆಸಿದ್ದರು. ಕೆನ್ನೆಯೇ ಅರ್ಧ ಗೋಡೆ. ತಲೆಯ ಸುತ್ತ ಚೀಲದ ಮೇಲಿದ್ದದ್ದೇ ಮಾತು, ಇಲ್ಲಿ ಮೊಳದುದ್ದದ ಅಕ್ಷರದಲ್ಲಿ. ಅದರ ಬುಡದಲ್ಲಿ ಯಾರೋ ಸ್ಕೂಟರು ನಿಲ್ಲಿಸಿದ್ದರು, ಸ್ಕೂಟರಿನ ನೆರಳಲ್ಲಿ ಹೆಂಗಸರು ತಂತಮ್ಮ ಮಕ್ಕಳನ್ನು ಹಾಕಿಕೊಂಡು ಕೂತಿದ್ದರು. ಈ ಒಂದು ಮಗುವಾದರೂ ಯಾರ ಬೆರಳಿನ ಹಂಗೂ ಇಲ್ಲದೆ ಹಸಿರಾಗಿದೆಯಲ್ಲ, ಬಣ್ಣದ ಡಬ್ಬಿ ದೊಡ್ಡದಿತ್ತೇನೋ, ಎಂದು ನರ್ಸಮ್ಮ ಮೂಗು ಮುರಿದಳು. ಹಕ್ಕಂತೆ ಹಕ್ಕು! ಹೋದ ವರ್ಷ ಇದೇ ಮಾತನ್ನು ಕೂಗಿಸುತ್ತ ಶಾಲೆ ಮಕ್ಕಳ ಮೆರವಣಿಗೆಯನ್ನು ತಾನೇ ಬಿಸಿಲಲ್ಲಿ ನಡೆಸಿದ್ದಳು. ಇಬ್ಬರು ತಲೆ ಸುತ್ತಿ ಬಿದ್ದರು. ಬಿದ್ದವರಿಗೆ ಕುಡಿಸಲು ನೀರು ಮಾತ್ರ ಯಾರೂ ತಂದಿರಲಿಲ್ಲ. ಆಯಾ ಗೋಡೆಯ ಮಗುವನ್ನು ತಲೆಯೆತ್ತಿ ನೋಡಿ, "ಎಷ್ಟು ಚೆನ್ನಾಗಿದೆ ಅಲ್ವಾಮ್ಮಾ" ಎಂದಳು. "ನಡಿ ನಡಿ, ಸಾಲು ಬೆಳೀತಿದೆ" ಎಂದು ನರ್ಸಮ್ಮ ಗದರಿದಳು.

ಒಳಗೆ ಮೇಜಿನ ಹಿಂದೆ ಕೂತಿದ್ದ ಡಾಕ್ಟರಮ್ಮ ನರ್ಸಮ್ಮನ ಮಗಳ ವಯಸ್ಸಿನವಳು. ಕೂದಲನ್ನು ಪೆನ್ನು ಚುಚ್ಚಿ ಮೇಲೆ ಕಟ್ಟಿಕೊಂಡಿದ್ದಳು, ಬರೆಯಬೇಕಾದಾಗಲೆಲ್ಲ ಅದನ್ನು ಕಿತ್ತು ತೆಗೆದು ಕೂದಲು ಬಿಚ್ಚಿಹೋಗಿ ಸಿಡುಕುತ್ತಿದ್ದಳು. ಬದಿಯಲ್ಲಿ ತೂಕದ ಯಂತ್ರ, ಕೇಂದ್ರದಲ್ಲಿ ಇದ್ದಂಥದ್ದೇ, ಮುಳ್ಳು ತಿರುಗುವ ದುಂಡು ಮುಖ, ಮೇಲೆ ಬಿಳಿ ತಟ್ಟೆ. ಇವರ ಮುಂದೆ ಹಸಿರು ಸೀರೆಯ ಹೆಂಗಸೊಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಡಾಕ್ಟರಮ್ಮ ಅವಳ ಕಾರ್ಡು ನೋಡಿ, "ಇದು ಹಳದಿ ಅಮ್ಮಾ. ನನ್ನ ಹತ್ರ ಇರೋದೇ ಹನ್ನೆರಡು ಮಂಚ. ಎರಡು ತಿಂಗಳು ಕೆಂಪಲ್ಲಿರೋ ಮಕ್ಕಳಿಗೆ ಮೊದಲು. ಪುಡಿ ತಿನ್ನಿಸಿ, ಮುಂದಿನ ತಿಂಗಳು ಬನ್ನಿ" ಎಂದಳು. "ಮುಂದಿನ ತಿಂಗಳವರೆಗೂ ಇದ್ರೆ ತಾನೇ" ಎಂದು ಹೆಂಗಸು ಯಾರಿಗೂ ಅಲ್ಲದಂತೆ ಹೇಳಿ, ಹೋಗದೆ ಬಾಗಿಲ ಹತ್ತಿರ ಸರಿದು ನಿಂತಳು. ನರ್ಸಮ್ಮ ಅವಳ ಕೈಯಲ್ಲಿದ್ದ ಕಾರ್ಡನ್ನು ಓರೆಗಣ್ಣಲ್ಲಿ ಓದಿದಳು. ಏಳು ಕೆಜಿ ಮುನ್ನೂರು, ಏಳು ಮುನ್ನೂರು, ಏಳು ನಾನೂರು. ಹಾವಿನ ಹೆಜ್ಜೆ ಹಾವೇ ಬಲ್ಲದು. ಯಾವ ಕೇಂದ್ರದ್ದೋ, ಯಾರ ಬೆರಳೋ, ಪರವಾಗಿಲ್ಲ, ಕೈ ಹದವಾಗಿ ಪಳಗಿದೆ ಎಂದುಕೊಂಡಳು.

"ನಾನೂ ನರ್ಸೇ ಡಾಕ್ಟ್ರೇ. ಇವಳು ನಮ್ಮ ಕೇಂದ್ರದ ಆಯಾ, ಇದು ಅವಳ ಮೊಮ್ಮಗಳು" ಎಂದು ಅವಳು ಮುಂದೆ ಬಂದು, ನಗುವೊಂದನ್ನು ಮುಖಕ್ಕೆ ಅಂಟಿಸಿಕೊಂಡಳು. ಡಾಕ್ಟರಮ್ಮ ನಗಲಿಲ್ಲ. ಮಗುವಿನ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಎತ್ತಿದ ಚರ್ಮ ಮಡಿಕೆಯಾಗಿಯೇ ನಿಂತಿತು. ಆಮೇಲೆ ನರ್ಸಮ್ಮ ಚೀಲದಿಂದ ತೆಗೆದುಕೊಟ್ಟ ಕಾರ್ಡು ನೋಡಿದಳು, ಮತ್ತೆ ಮಗುವನ್ನು ನೋಡಿದಳು.

"ಏಳು ಕೆಜಿ ಐನೂರು ಅಂತ ಬರೆದಿದೆ. ಅದೂ ಹದಿನೈದು ದಿನದ ಹಿಂದೆ. ಯಾವುದನ್ನ ನಂಬಲಿ, ಕಾರ್ಡನ್ನಾ ಮಗೂನಾ?"

ಡಾಕ್ಟರಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ನೋಡಿ ಸಿಸ್ಟರ್, ಇವತ್ತು ಒಂದೇ ಒಂದು ಮಂಚ ಖಾಲಿ ಇದೆ. ಈ ಮಗು ಮನೆಗೆ ಹೋದ್ರೆ ಉಳಿಯಲ್ಲ, ಅದು ನಿಮಗೂ ಗೊತ್ತು. ಆದ್ರೆ ಇವತ್ತಿನ ತೂಕ ಒಂದನ್ನೇ ನೋಡಿ ಹಳದಿ ಕಾರ್ಡಿನ ಮಗೂನ ಮಲಗಿಸಿದ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತಾರೆ. ತೂಗಿದವರು ಕಾರ್ಡು ತಪ್ಪಿದೆ ಅಂತ ಒಂದು ಸಾಲು ಬರ್ಕೊಡಲಿ, ಈಗಲೇ ಸೇರಿಸ್ಕೋತೀನಿ. ತೂಗಿದ್ದು ಯಾರು?"

"ಮಷೀನು... ಮಷೀನು ಸ್ವಲ್ಪ ಹಳೇದು ಡಾಕ್ಟ್ರೇ."

"ಸರಿ, ಅದನ್ನೇ ಬರೀರಿ. ಎಷ್ಟು ತಿಂಗಳಿಂದ ಕೆಟ್ಟಿದೆ, ಅದರಲ್ಲಿ ಇನ್ನೆಷ್ಟು ಮಕ್ಕಳನ್ನ ತೂಗಿದೀರ, ಅದೂ ಇರಲಿ."

ಡಾಕ್ಟರಮ್ಮ ಕೂದಲಿಂದ ಪೆನ್ನು ಕಿತ್ತು, ಬಿಳಿ ಹಾಳೆಯ ಮೇಲಿಟ್ಟು ಇತ್ತ ತಳ್ಳಿದಳು. ಒಂದು ಸಾಲು. ನರ್ಸಮ್ಮ ಆ ಹಾಳೆಯನ್ನು ನೋಡಿದಳು. ಇನ್ನೆಷ್ಟು ಮಕ್ಕಳು? ಈ ತಿಂಗಳ ಪುಸ್ತಕದಲ್ಲೇ ಇನ್ನೂರ ಹದಿನಾಲ್ಕು. ಹಳದಿಯಲ್ಲಿ ಐವತ್ತೆಂಟು. ಹೋದ ಮಳೆಗಾಲದಲ್ಲಿ ಹಳದಿಯಲ್ಲೇ ಇದ್ದು ಹಳದಿಯಲ್ಲೇ ಹೋದ ಬಡಗಿಯ ಮಗ; ಜ್ವರ ಎಂದು ಬರೆದಿದ್ದಳು, ಜ್ವರವೂ ಇತ್ತು, ಸುಳ್ಳಲ್ಲ. ನಿವೃತ್ತಿಗೆ ಎರಡೇ ವರ್ಷ. ಷರಾ ಸಾಹೇಬನ ಜಾಗದಲ್ಲಿ ಈಗ ಇನ್ನೊಬ್ಬ ಇದ್ದಾನೆ, ಅವನೂ ಸಭೆಯಲ್ಲಿ ನಿಲ್ಲಿಸುತ್ತಾನೆ, ಈ ಸಲ ನಗುವವರು ತಾನೇ ಹೇಳಿಕೊಟ್ಟ ಹುಡುಗಿಯರು. ಯಂತ್ರ ಕೆಟ್ಟಿದೆ ಎಂದು ಬರೆದರೆ ಯಂತ್ರವನ್ನು ನೋಡಲು ಬರುತ್ತಾರೆ, ಆ ಯಂತ್ರವೋ ಗ್ರಾಂ ಲೆಕ್ಕ ತಪ್ಪದ ಯಂತ್ರ. ಹಾಳಾದ್ದು ಇಪ್ಪತ್ತು ವರ್ಷವಾದರೂ ಕೆಡಲಿಲ್ಲ. ಆಯಾ ಹಾಳೆಯನ್ನೂ ನರ್ಸಮ್ಮನ ಕೈಯನ್ನೂ ನೋಡುತ್ತಿದ್ದಳು. ಮಗು ಅವಳ ಭುಜದ ಮೇಲೆ ಬಾಯಿ ತೆರೆದು ಉಸಿರಾಡುತ್ತಿತ್ತು. ನರ್ಸಮ್ಮನ ಕೈ ಪೆನ್ನಿನ ಕಡೆ ಹೋಗಲಿಲ್ಲ.

"ನಾನೇ ಡಾಕ್ಟ್ರೇ" ಎಂದಳು ಆಯಾ.

"ನೀವೇನು?"

"ನಾನೇ ಮೋಸ ಮಾಡಿದ್ದು. ತೂಕದ ದಿನ ಮಗೂ ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿ, ಮೇಲೆ ಎರಡೆರಡು ಸ್ವೆಟರು ಹಾಕ್ಬಿಡ್ತಿದ್ದೆ. ಅಲ್ಲೇ ಕೆಲಸ ಮಾಡೋಳು ನಾನು, ನನ್ನ ಮೊಮ್ಮಗಳೇ ಕೆಂಪಾದ್ರೆ ಜನ ಏನಂತಾರೆ ಅಂತ ನಾಚಿಕೆ ಆಯ್ತು. ಅಮ್ಮನಿಗೆ ಏನೂ ಗೊತ್ತಿಲ್ಲ. ಅವರು ಮುಳ್ಳು ತೋರಿಸಿದ್ದನ್ನ ಬರೆದಿದಾರೆ, ಅಷ್ಟೇ."

ಎಲ್ಲಿ ಕಲಿತಳು ಇವಳು ಇಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು? ಬಟ್ಟೆ ಬಿಚ್ಚಿ ಎತ್ತಿ ಕೊಡುತ್ತಿದ್ದವಳೇ ಅವಳು. ಸ್ವೆಟರೂ ಇಲ್ಲ, ಬೀಗದ ಕೈಯೂ ಇಲ್ಲ. ಡಾಕ್ಟರಮ್ಮ ಹಣೆ ಚಚ್ಚಿಕೊಂಡು, "ಅಜ್ಜೀ, ನಿಮ್ಮ ಮರ್ಯಾದೆಗೋಸ್ಕರ ಮಗೂನ ಸಾಯಿಸ್ತಿದ್ರಲ್ಲ!" ಎಂದು ಕೂಗಿದಳು. ಆಯಾ ತಲೆ ತಗ್ಗಿಸಿದಳು. ಆಗ ನರ್ಸಮ್ಮನ ಬಾಯಿ ತೆರೆಯಿತು. ಈಗ ಹೇಳುತ್ತೇನೆ, ಈಗ ಹೇಳಿಬಿಡುತ್ತೇನೆ ಎಂದು ಅವಳು ಅಂದುಕೊಂಡದ್ದು ನಿಜ. "ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ, ಬಟ್ಟೆ ಬಿಚ್ಚಿಯೇ ತೂಗ್ಬೇಕು ಅಂತ? ನಿಮ್ಮಂಥವರಿಗೆ ಎಷ್ಟು ಹೇಳಿದ್ರೂ ಅಷ್ಟೇ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!" ಮಾತು ಹೊರಬಿದ್ದ ಮೇಲೆ ಆ ಧ್ವನಿಯ ಗುರುತು ಸಿಕ್ಕಿತು. ಷರಾ ಸಾಹೇಬನ ಧ್ವನಿ. ಅದೇ ಎಳೆತ, ಕೊನೆಯಲ್ಲಿ ನಗುವುದಕ್ಕೆ ಬಿಟ್ಟ ಅದೇ ಜಾಗ. ಥೂ ನಿನ್ನ ಜನ್ಮಕ್ಕಿಷ್ಟು, ಎಂದು ತನಗೆ ತಾನೇ ಬೈದುಕೊಂಡಳು, ಆದರೆ ಅದು ಒಳಗೇ ಉಳಿಯಿತು. ಆಯಾ ಮಾತ್ರ "ತಪ್ಪಾಯ್ತಮ್ಮಾ" ಎಂದಳು.

"ಸಾಕು ಬಿಡಿ ಸಿಸ್ಟರ್" ಎಂದಳು ಡಾಕ್ಟರಮ್ಮ. "ಅಜ್ಜಿ ಹೇಳಿದ್ದನ್ನ ಬರ್ಕೋತೀನಿ. ಇಲ್ಲಿನ ತೂಕಾನೂ ಹಾಕ್ತೀನಿ. ಏಳು ಕೆಜಿ ಇನ್ನೂರಕ್ಕಿಂತ ಕೆಳಗಿದ್ರೆ ಕೆಂಪು, ಮಂಚ ನಿಮ್ಮದು. ಬಟ್ಟೆ ಬಿಚ್ಚಿ ಮಲಗಿಸಿ."

ಆಯಾ ಅಂಗಿ ಬಿಚ್ಚಿದಳು, ಎಂದಿನಂತೆ ಎತ್ತಿ ಕೊಟ್ಟಳು. ನರ್ಸಮ್ಮ ತೆಗೆದುಕೊಂಡು, ಎಂದಿನಂತೆ ತಟ್ಟೆಯ ಮೇಲೆ ಮಲಗಿಸಿದಳು. ಮಗು ಒದ್ದಾಡಲಿಲ್ಲ. ಪಕ್ಕೆಲುಬುಗಳ ಮೇಲೆ ಚರ್ಮ ಏರಿ ಇಳಿಯುತ್ತಿತ್ತು, ಕಣ್ಣು ಮೇಲಿನ ಫ್ಯಾನಿನಲ್ಲಿ ನೆಟ್ಟಿತ್ತು. ಮುಳ್ಳು ತೂಗಾಡಿ, ನಿಧಾನವಾಗಿ, ನಿಂತಿತು. ಡಾಕ್ಟರಮ್ಮ ಬಗ್ಗಿ ನೋಡಿದಳು. ನೋಡಿ ಕಣ್ಣು ಕಿರಿದು ಮಾಡಿದಳು. "ಏಳು ಮುನ್ನೂರ ಐವತ್ತು..." ಎಂದಳು. "ಹಳದೀನೇ ಬರ್ತಿದೆಯಲ್ರೀ! ಇದು ಹೇಗೆ ಸಾಧ್ಯ?" ನರ್ಸಮ್ಮನಿಗೂ ಅದೇ ಆಶ್ಚರ್ಯ. ಈ ಮಗು ಏಳು ಎಲ್ಲಿಂದ ತೂಗಬೇಕು? ಇಲ್ಲಿಯ ಯಂತ್ರವೇ ಸರಿಯಿಲ್ಲವೇನೋ, ಸರ್ಕಾರದ ಸಾಮಾನು, ಎಂದು ಒಂದು ಗಳಿಗೆ ಅಂದುಕೊಂಡಳು, ನಿಜವಾಗಿ ಅಂದುಕೊಂಡಳು. ಡಾಕ್ಟರಮ್ಮನ ಪೆನ್ನು ಹಾಳೆಯ ಮೇಲೆ ಇಳಿಯುವುದರಲ್ಲಿತ್ತು. ಆಗ ಆಯಾ ಬಗ್ಗಿದಳು. ಮಗುವಿನ ಬಾಯಿಂದ ಬೇಡದ್ದನ್ನು ತೆಗೆಯುವಾಗಿನಷ್ಟೇ ಮೆತ್ತಗೆ, ತಟ್ಟೆಯ ಅಂಚಿನ ಮೇಲಿದ್ದ ನರ್ಸಮ್ಮನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎತ್ತಿದಳು.

"ಇಲ್ಲಿ ಬೇಡಮ್ಮಾ" ಎಂದಳು. "ಇಲ್ಲಿ ಕೈ ತೆಗೀರಿ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಮುಳ್ಳು ಗರಗರ ಹಿಂದಕ್ಕೆ ತಿರುಗಿ ಏಳನ್ನು ದಾಟಿ, ಆರು ಕೆಜಿ ನೂರರಲ್ಲಿ ನಡುಗಿ ನಿಂತಿತು. ಡಾಕ್ಟರಮ್ಮ ಮುಳ್ಳನ್ನು ನೋಡಿದಳು, ನರ್ಸಮ್ಮನ ಬೆರಳನ್ನು ನೋಡಿದಳು, ಆಯಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಕೆಂಪು ಪಟ್ಟಿಯಲ್ಲಿ ಒಂದು ಚುಕ್ಕೆ ಇಟ್ಟು, "ಹನ್ನೆರಡನೇ ಮಂಚ, ಅಜ್ಜೀ. ಒಳಗೆ ಹೋಗಿ, ಬೇಗ" ಎಂದಳು. ಆಯಾ ಅಂಗಿಯನ್ನೂ ತೊಡಿಸದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಬಾಗಿಲ ಕಡೆ ಓಡಿದಳು. ನರ್ಸಮ್ಮನ ಕಡೆ ತಿರುಗಿ ನೋಡಲಿಲ್ಲ; ನೋಡಬಾರದೆಂದಲ್ಲ, ಅವಳಿಗೆ ನೆನಪೇ ಆಗಲಿಲ್ಲ.

ಮೇಜಿನ ಮೇಲೆ ಬಿಳಿ ಹಾಳೆ ಹಾಗೆಯೇ ಇತ್ತು. "ಸಿಸ್ಟರ್, ಅದು ಇನ್ನೂ ಖಾಲಿ ಇದೆ" ಎಂದು ಡಾಕ್ಟರಮ್ಮ ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಹಸಿರು ಸೀರೆಯ ಹೆಂಗಸು, ಅಲ್ಲಿಯವರೆಗೂ ಎಲ್ಲವನ್ನೂ ನೋಡುತ್ತಿದ್ದವಳು, ಸಾಲನ್ನು ತಳ್ಳಿಕೊಂಡು ಒಳಗೆ ಬಂದಳು. ಮಗುವಿನ ಅಂಗಿಯ ಗುಂಡಿಗಳನ್ನು ಆಗಲೇ ಬಿಚ್ಚುತ್ತಿದ್ದಳು.

"ಡಾಕ್ಟ್ರೇ, ನನ್ನ ಮಗೂನೂ ಇಲ್ಲೇ ಒಂದ್ಸಲ ತೂಗಿ. ಈಯಮ್ಮ ಮಾತ್ರ ಮುಟ್ಟೋದು ಬೇಡ."

ಸಾಲಿನಲ್ಲಿ ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಕಾರ್ಡುಗಳನ್ನು ತೆಗೆದು ನೋಡಿಕೊಳ್ಳತೊಡಗಿದರು. ನರ್ಸಮ್ಮ ಯಂತ್ರದಿಂದ ಹಿಂದೆ ಸರಿದಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲದೊಳಗೆ ಇಟ್ಟುಕೊಂಡಳು.